ಸಾಕವ್ವನ ಆರನೇ ಬೆರಳು

ರುಬ್ಬುವ ಗುಂಡು ಜಾರಿ ಬಿದ್ದು ಸಾಕವ್ವಜ್ಜಿಯ ಎಡಗಾಲಿನ ಕಿರುಬೆರಳು ಮುರಿಯಿತು. ಆ ಕಾಲಿಗೆ ಹುಟ್ಟಿದಾಗಿನಿಂದ ಆರು ಬೆರಳು. ಎಡವಟ್ಟಾಗಿದ್ದೇ ಅಲ್ಲಿ.

ಆಸ್ಪತ್ರೆಯವರು ಯಾವ ಬೆರಳು ಅಂತ ಕೋಡ್ ಹಾಕಿದರೆ ತಾನೇ ವಿಮೆ ಕಂಪನಿ ಬಿಲ್ ಒಪ್ಪುವುದು? ಕೋಡ್ ಹಾಕುವ ಗುಮಾಸ್ತೆ ಕಿರುಬೆರಳು ಅಂತಲೇ ಹಾಕಿದ್ದಳು. ಕಂಪನಿಯ ಅಧಿಕಾರಿ ಪಟ್ಟಾಭಿರಾಮ್ ಬಂದವನೇ ವಾರ್ಡಿನಲ್ಲಿ ಗುಡುಗಿದ.

"ಮುರಿದಿರೋದು ಆರನೇ ಬೆರಳು! ಕೋಡ್ ಇರೋದು ಐದಕ್ಕೇ. ಬಿಲ್ ಪಾಸಾಗಲ್ಲ!"

ಡಾಕ್ಟರು ಮುಂದಿನ ಮಂಚದತ್ತ ಜಾರಿಕೊಂಡರು. ಗುಮಾಸ್ತೆ ಮಾತ್ರ ತಲೆಯಾಡಿಸಿದಳು.

"ಸರಿ ಸಾರ್. ಆರನೇದೇ ಅಂತ ನೀವೇ ಎಣಿಸಿ ಹೇಳಿಬಿಡಿ, ಹಾಗೇ ಬರೀತೀನಿ. ಬ್ಯಾಂಡೇಜ್ ಕಟ್ಟಿದೆ, ಮುಟ್ಟಿಯೇ ಎಣಿಸಬೇಕು."

ಅಜ್ಜಿ ಬೆಂಚಿನ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಳು. ಅಧಿಕಾರಿ ಬಗ್ಗಿದ. ಇನ್ನೂ ಬಗ್ಗಿದ. ಕೊನೆಗೆ ಮಂಡಿಯೂರಿ, ಎರಡೂ ಕೈಯಲ್ಲಿ ಪಾದ ಹಿಡಿದ.

ಗುಮಾಸ್ತೆ ಕಾಯುತ್ತಿದ್ದದ್ದೂ ಅದಕ್ಕೇ. "ಸಾಕವ್ವಾ, ಸಾಹೇಬರು ನಿನ್ನ ಪಾದ ಮುಟ್ಟಿದ್ದಾರೆ, ಒಂದೊಳ್ಳೆ ಮಾತು ಹೇಳಬಾರದಾ?" ಎಂದು ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು.

ಅಜ್ಜಿಯ ಕಣ್ಣು ತುಂಬಿತು. ಅವನ ತಲೆಯ ಮೇಲೆ ಕೈಯಿಟ್ಟಳು. "ಏಳು ನನ್ನಪ್ಪ. ನಿನ್ನ ಹೊಟ್ಟೆ ತಣ್ಣಗಿರಲಿ. ಹೆಂಡ್ತಿ ಮಕ್ಕಳು ಸುಖವಾಗಿರಲಿ."

ವಾರ್ಡಿಗೆ ವಾರ್ಡೇ ಕೈಮುಗಿಯಿತು. ಪಕ್ಕದ ಮಂಚದವಳು, "ಎಂಥಾ ಗುಣವಂತನಪ್ಪಾ" ಅಂದಳು. ಅಧಿಕಾರಿಗೆ ಏಳಲೂ ಆಗಲಿಲ್ಲ, ಗದರಲೂ ಆಗಲಿಲ್ಲ.

ಗುಮಾಸ್ತೆ ಪೆನ್ನು ಹಿಡಿದು ಕೇಳಿದಳು, "ಎಷ್ಟನೇದು ಸಾರ್?"

ಅವನು ಅಜ್ಜಿಯ ಮುಖ ನೋಡಿ ಮೆಲ್ಲಗೆ ಹೇಳಿದ, "ಐದನೇದು ಬರ್ಕೊಳ್ಳಮ್ಮ. ಎಷ್ಟು ಸಲ ಎಣಿಸಿದರೂ ಐದೇ ಬೆರಳು ಇರೋದು."