ವಾಪಸ್ ಬಂದ ಸೋರೆಬುರುಡೆ

"ತಾತ, ನಾಳೆ ಅವ್ರಿಗೆ ಏನು ತೋರಿಸ್ಲಿ?" ಅಂತ ಸುಕನ್ಯ ಕೇಳಿದ್ಲು.

ಅವಳದು ಪಾಠ ಕಟ್ಟೋ ಕೆಲಸ. ಇನ್‌ಸ್ಟ್ರಕ್ಷನಲ್ ಡಿಸೈನರ್ ಅಂತಾರಂತೆ, ನನ್ನ ಬಾಯಿಗೆ ಅದು ಹತ್ತಲ್ಲ. ಫ್ಯಾಕ್ಟ್ರಿಗೆ ಹೊಸದಾಗಿ ಸೇರಿದೋರು ಕಂಪ್ಯೂಟರ್ ನೋಡ್ಕೊಂಡು ಕೆಲಸ ಕಲೀಬೇಕು, ಅದಕ್ಕೆ ಇವಳು ಪಾಠ ಮಾಡಿಕೊಡ್ತಾಳೆ. ನಲವತ್ತು ಮಾಡವ್ಳೆ. ಬಣ್ಣ, ಬೊಂಬೆ, ಹಾಡು, ಎಲ್ಲಾ ಐತೆ. ಇದಕ್ಕಿಂತ ದೊಡ್ಡ ಕೆಲಸಕ್ಕೆ ನಾಳೆ ಇಂಟರ್‌ವ್ಯೂ. ಯಾವುದನ್ನ ತೋರಿಸಿದ್ರೆ ಕೆಲಸ ಸಿಗುತ್ತೆ ಅಂತ ತಿಳೀದೆ ನನ್ನ ಹತ್ರ ಬಂದವ್ಳೆ. ಇನ್ಯಾರ ಹತ್ರ ಹೋಗ್ತಾಳೆ? ನಮ್ಮೂರ ಈ ಬಾವೀಲಿ ಮುನ್ನೂರು ಜನಕ್ಕೆ ಈಜು ಕಲಿಸಿದೋನು ನಾನು, ಅವಳೂ ಸೇರಿ. ಒಬ್ರೂ ಮುಳುಗಿಲ್ಲ.

"ಕೂತ್ಕೋ," ಅಂದೆ.

ಒಬ್ಬ ಗೌಡ ಇದ್ದ. ಊರ ಮಕ್ಳಿಗೆ ಈಜು ಕಲಿಸೋಕೆ ಜನ ಹುಡುಕ್ತಿದ್ದ. ಇಬ್ರು ಬಂದ್ರು. ಒಬ್ಬ, ಮುಳುಗದಂಗೆ ಮಕ್ಳ ಬೆನ್ನಿಗೆ ಕಟ್ಟೋ ಒಣ ಸೋರೆಬುರುಡೆ ಹನ್ನೆರಡು ತಂದಿದ್ದ. ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ್ದ. ಇನ್ನೊಬ್ಬ ಬರಿಗೈಲಿ ಬಂದಿದ್ದ.

"ನಿನ್ನ ಬುರುಡೆ ಎಲ್ಲೋ?" ಅಂದ ಗೌಡ.

"ಮಕ್ಳು ವಾಪಸ್ ಕೊಟ್ಬಿಟ್ವು ಸ್ವಾಮಿ. ಹೆಂಡ್ತಿ ಅದ್ರಲ್ಲಿ ಅವರೆಬೀಜ ತುಂಬಿಟ್ಟವ್ಳೆ."

ಗೌಡನಿಗೆ ತಲೆಬುಡ ತಿಳೀಲಿಲ್ಲ. ಬುರುಡೆ ತಂದೋನಿಗೇ ಕೆಲಸ ಕೊಟ್ಟ.

ಮೂರು ಬೇಸಿಗೆ ಕಳೀತು. ಮಕ್ಳು ಕೇಕೆ ಹಾಕ್ಕೊಂಡು ತೇಲ್ತಿದ್ವು. ಒಂದಿನ ಗೌಡ ಬಾವಿ ಹತ್ರ ಬಂದು, "ಬುರುಡೆ ಬಿಚ್ಚಿ ಧುಮುಕ್ರೋ, ನೋಡಣ," ಅಂದ. ಒಬ್ರೂ ಧುಮುಕ್ಲಿಲ್ಲ. ಅವನ ಮಗಳೇ ಬುರುಡೆ ತಬ್ಕೊಂಡು ಅತ್ಲು. ಗೌಡ ತಲೆ ಕೆರ್ಕೊಂಡ. ಇವನು ಮೂರು ವರ್ಷ ಕಲಿಸಿದ್ದು ನಿಜ. ಮಕ್ಳು ಮೂರು ವರ್ಷ ತೇಲಿದ್ದೂ ನಿಜ. ಹಂಗಾದ್ರೆ ಈಜು ಕಲ್ತೋರು ಯಾರು?

ಕತೆ ಮುಗೀತು ಅಂದೆ. ಸುಕನ್ಯ ಬಿಡ್ಲಿಲ್ಲ.

"ಹಂಗಂದ್ರೆ ನಾಳೆ ನಾನೂ ಬರಿಗೈಲಿ ಹೋಗ್ಲಾ ತಾತ? ನಿನ್ನ ಗೌಡ ಬರಿಗೈಲಿ ಬಂದೋನಿಗೆ ಕೆಲಸ ಕೊಡ್ಲಿಲ್ವಲ್ಲ!"

ನಾನು ಅವಳನ್ನ ಒಂದೇ ಒಂದು ಮಾತು ಕೇಳಿದೆ.

"ನಲವತ್ತು ಪಾಠ ಕಟ್ಟಿದೀಯಲ್ಲವ್ವಾ, 'ಕೆಲಸ ಕಲ್ತಾಯ್ತು, ನಂಗಿನ್ನು ಇದು ಬೇಡ' ಅಂತ ಎಷ್ಟು ಜನ ವಾಪಸ್ ಕೊಟ್ಟವ್ರೆ?"