ಗೋಡೆಯ ಮೇಲಿನ ನಾಲ್ಕು ಸಾಲು

ಹೊಳೆದಂಡೆಯ ಅಡಿವೆಪ್ಪಜ್ಜನ ಮಠ ಅಂದರೆ ಮೂರು ಗೋಡೆ, ಮೇಲೊಂದು ತಗಡಿನ ಸೂರು. ಅಷ್ಟೇ.

ಅಜ್ಜ ಕೂರುವ ಜಾಗದ ಹಿಂದಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ನಾಲ್ಕು ಸಾಲು ಬರೆದಿತ್ತು. ಸಾಲಿಗೆ ಎಂಟೆಂಟು. ಅಂಕಿಗಳು, ನಡುನಡುವೆ ಇಂಗ್ಲಿಷ್ ಅಕ್ಷರಗಳು. ಬಂದ ಭಕ್ತರು ಅದಕ್ಕೂ ಕುಂಕುಮ ಹಚ್ಚಿ ಕೈ ಮುಗಿದು ಹೋಗುತ್ತಿದ್ದರು.

ಹುಲಿಗೆಪ್ಪ ಮಾತ್ರ ಕೈ ಮುಗಿಯುತ್ತಿರಲಿಲ್ಲ. ಅವನು ಮಠಕ್ಕೆ ಬಂದು ಆರು ತಿಂಗಳಾಗಿತ್ತು. ಕಸ ಹೊಡೆಯುತ್ತಿದ್ದ, ನೀರು ತರುತ್ತಿದ್ದ, ಅಜ್ಜ ಕೊಟ್ಟ ಪ್ರಸಾದವನ್ನೂ ಮೂಸಿ ನೋಡಿ ತಿನ್ನುತ್ತಿದ್ದ.

ಒಂದು ಬೆಳಿಗ್ಗೆ ಕೇಳಿದ. "ಅಜ್ಜಾರ, ಇದು ಯಾವ ಮಂತ್ರರಿ?"

"ಮಂತ್ರ ಅಲ್ಲೋ ತಮ್ಮಾ. ಅನುಮಾನ."

"ಅಂದ್ರ?"

"ಆರು ತಿಂಗಳಿಂದ ಇಲ್ಲಿ ಕಸ ಯಾಕ ಹೊಡೀತಿ, ಮೊದಲು ನೀ ಹೇಳು. ಆಮೇಲೆ ನಾ ಹೇಳ್ತೀನಿ."

ಹುಲಿಗೆಪ್ಪ ಕಸಬರಿಗೆ ಕೆಳಗಿಟ್ಟ.

"ನಿಮ್ಮ ಹತ್ರ ಒಂದು ವಿಡಿಯೋ ಐತಂತ. ಹಳೇ ಊರಿನ ಸಭೆದು."

ಹಳೇ ಊರು ಈಗ ಹಿನ್ನೀರಿನ ಅಡಿಯಲ್ಲಿತ್ತು. ಹದಿನೆಂಟು ವರ್ಷದ ಹಿಂದೆ, ಅಣೆಕಟ್ಟು ಕಟ್ಟುವ ಮೊದಲು, ಸಾಹೇಬರು ಗುಡಿಯ ಮುಂದೆ ಊರವರನ್ನು ಸೇರಿಸಿ ಕೇಳಿದ್ದರು: ಊರು ಬಿಡಲು ಒಪ್ಪಿದವರು ಕೈ ಎತ್ತಿ. ಆಗ ಅಡಿವೆಪ್ಪ ಇನ್ನೂ ಅಜ್ಜ ಆಗಿರಲಿಲ್ಲ. ಅದೇ ಊರಿನವನು, ಮದುವೆಗಳ ವಿಡಿಯೋ ತೆಗೆಯುವವನು. ಸಭೆಯ ವಿಡಿಯೋ ತೆಗೆಯಲು ಅವನನ್ನೇ ಕರೆದಿದ್ದರು.

"ಮರುದಿನ ಪೇಪರಿನಾಗ ಎಲ್ಲಾರೂ ಕೈ ಎತ್ತಿದ್ರು ಅಂತ ಬಂತು," ಹುಲಿಗೆಪ್ಪ ಹೇಳಿದ. "ಆಮೇಲೆ ನಾವು ಸಾಲ್ಯಾಗ ಏಳನೇತ್ತಕ್ಕ ಬರೂದ್ರಾಗ ಪುಸ್ತಕದಾಗೂ ಅದೇ ಪಾಠ. 'ಊರಿನ ಸಮಸ್ತ ಜನರೂ ಸಂತೋಷದಿಂದ ಕೈ ಎತ್ತಿದರು.' ನಾ ಎದ್ದು ನಿಂತೆ. ಸುಳ್ಳು, ನಮ್ಮಪ್ಪ ಎತ್ತಿಲ್ಲ ಅಂದೆ. ಗುಡಿಹಾಳ ಮಾಸ್ತರ ಏನಂದ ಗೊತ್ತೇನ್ರಿ? ಪುಸ್ತಕದಾಗ ಇದ್ದದ್ದು ಬರಿ ಅಂದ. ಪಾಟಿಚೀಲ ಅಲ್ಲೇ ಒಗದು ಬಂದೆ. ತಿರುಗಿ ಹೋಗಲಿಲ್ಲ. ಲಾರಿ ಮ್ಯಾಲೆ ಇದ್ದೆ, ಗೋವಾದಾಗ ಇದ್ದೆ. ಎಲ್ಲೂ ಕಾಲು ನಿಲ್ಲಲಿಲ್ಲ."

"ನಿಮ್ಮಪ್ಪ ಯಾರು?"

"ಪೇಂಟರ್ ಯಮನೂರಪ್ಪ. ಸಾಯೋ ಹೊತ್ತಿನ್ಯಾಗೂ ಅದನ್ನ ಹೇಳಿದ. ಒಂದೇ ಒಂದು ಕೈ ಎದ್ದಿರಲಿಲ್ಲ ಮಗನ, ಅದು ನಂದು ಅಂತ. ಅದೊಂದು ಕಣ್ಣಿಲೆ ನೋಡಬೇಕು ಅಜ್ಜಾರ. ನೋಡಿ ಊರಿಗೆಲ್ಲ ತೋರಿಸಬೇಕು."

ಅಜ್ಜ ಎದ್ದು ಹೋಗಿ ಅಕ್ಕಿಯ ಡಬ್ಬಿಯೊಳಗೆ ಕೈ ಹಾಕಿ ಒಂದು ಹಾರ್ಡ್‌ಡಿಸ್ಕ್ ತೆಗೆದ.

"ಇದರಾಗ ಐತಿ. ವಿಡಿಯೋನ ಕಂಪ್ಯೂಟರಿಗೆ ಕೊಟ್ಟರ ಅದು ಲೆಕ್ಕ ಹಾಕಿ ಒಂದು ಗುರುತು ಕೊಡತೈತಿ. ಅದೇ ಗೋಡಿ ಮ್ಯಾಲಿನ ನಾಲ್ಕು ಸಾಲು. ವಿಡಿಯೋದಾಗ ಒಂದು ಚುಕ್ಕಿ ತಿದ್ದಿದ್ರೂ ಗುರುತು ಬ್ಯಾರೆ ಬರತೈತಿ. ಪ್ರತಿ ದಸರಾದ ಖಂಡೇನವಮಿಗೆ ಗುರುತು ತಾಳೆ ನೋಡಿ, ಹೊಸ ಡಿಸ್ಕಿಗೆ ಇಳಿಸ್ತೀವಿ."

"ಇಳಿಸ್ತೀವಿ? ನಿಮ್ಮ ಜೋಡಿ ಮತ್ತ್ಯಾರದಾರ?"

"ಇನ್ನೆರಡು ಪ್ರತಿ ಅದಾವ. ಒಂದು ಪೇಪರಿಗೆ ಸುದ್ದಿ ಬರಿಯೂ ಮೌಲಾಲಿ ಹತ್ರ. ಒಂದು ಗುಡಿಹಾಳ ಮಾಸ್ತರ ಹತ್ರ."

ಹುಲಿಗೆಪ್ಪನ ಮುಖ ಕಪ್ಪಿಟ್ಟಿತು.

"ಸುಳ್ಳು ಬರದವನ ಹತ್ರ ಒಂದು, ಸುಳ್ಳು ಕಲಿಸಿದವನ ಹತ್ರ ಒಂದು! ನಿಮಗ ತಲಿ ನೆಟ್ಟಗ ಐತೇನ್ರಿ ಅಜ್ಜಾರ?"

"ಅವರೂ ನನಗ ಇದನ್ನ ಕೇಳ್ತಾರ," ಅಜ್ಜ ನಕ್ಕ. "ಲ್ಯಾಪ್‌ಟಾಪ್ ಮಾಸ್ತರದು. ಖಂಡೇನವಮಿಗೆ ತರ್ತಾರ. ಅವತ್ತು ನೋಡುವಂತಿ."

ಹುಲಿಗೆಪ್ಪನಿಗೆ ಅನ್ನ ಸೇರಲಿಲ್ಲ. ಅಜ್ಜ ಸ್ನಾನಕ್ಕೆ ಹೊಳೆಗಿಳಿದಾಗ ಡಿಸ್ಕನ್ನು ಡಬ್ಬಿಯಿಂದ ತೆಗೆದ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಚೀಲ ಸುತ್ತಿ, ದಂಡೆಯ ಜಾಲಿಗಿಡದ ಬುಡದಲ್ಲಿ ಹೂಳಿದ. ಇನ್ನು ಅದು ಎಲ್ಲಿದೆ ಅಂತ ಲೋಕದಲ್ಲಿ ಒಬ್ಬನಿಗೇ ಗೊತ್ತು. ಆವತ್ತು ಅವನು ಹೊಟ್ಟೆ ತುಂಬ ಉಂಡ.

ಭಾದ್ರಪದದಲ್ಲಿ ಹೊಳೆ ಏರಿತು. ಜಾಲಿಗಿಡದ ನಡುಮಟ್ಟ ನಿಂತು, ಇಳಿಯಿತು.

ಖಂಡೇನವಮಿ ಬಂತು. ಮೌಲಾಲಿ ಬೈಕಿನಲ್ಲಿ ಬಂದ. ಹಿಂದೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಗುಡಿಹಾಳ ಮಾಸ್ತರು ಕೂತಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು.

ಮಾಸ್ತರು ಹುಲಿಗೆಪ್ಪನನ್ನು ಕಂಡೊಡನೆ ಗುರುತು ಹಿಡಿದರು. "ನಿನ್ನ ಪಾಟಿಚೀಲ ಇನ್ನೂ ಸಾಲಿ ಕಪಾಟಿನ್ಯಾಗ ಐತೋ. ಒಯ್ಯಲೇ ಇಲ್ಲ ನೀನು."

ಹುಲಿಗೆಪ್ಪ ಮುಖ ತಿರುವಿದ.

ಅಜ್ಜ ಡಬ್ಬಿಯೊಳಗೆ ಕೈ ಹಾಕಿದ. ಅಕ್ಕಿ ಬಂತು. ಇನ್ನೊಮ್ಮೆ ಹಾಕಿದ. ಅಕ್ಕಿಯೇ ಬಂತು. ಯಾರ ಮುಖವನ್ನೂ ನೋಡಲಿಲ್ಲ.

ಹುಲಿಗೆಪ್ಪ ತಾನಾಗಿಯೇ ಎದ್ದು ಹೋಗಿ ಅಗೆದು ತಂದ. ಚೀಲ ಬಿಚ್ಚಿದರೆ ರಾಡಿನೀರು ಸುರಿಯಿತು.

"ಇವರು ತಿದ್ದಬಾರದಂತ ಇಟ್ಟಿದ್ದೆ," ಅಂದ.

ಮಾಸ್ತರು ಅದನ್ನು ಒರೆಸಿ, ಬಿಸಿಲಿಗಿಟ್ಟು, ಮಧ್ಯಾಹ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಡಿಸ್ಕು ಮೂರು ಸಲ ಟಿಕ್ ಅಂದಿತು. ಮತ್ತೆ ಅನ್ನಲಿಲ್ಲ.

ಹುಲಿಗೆಪ್ಪ ಕುಕ್ಕುರುಗಾಲಲ್ಲಿ ಕೂತುಬಿಟ್ಟ. ಅಪ್ಪನ ಎದ್ದಿರದ ಕೈ ಅದರೊಳಗಿತ್ತು.

"ಯಾರೂ ಮುಟ್ಟಲಾರದಂಗ ಇಟ್ಟಿದ್ದಿ," ಅಜ್ಜ ಹೇಳಿದ. "ನೀರು ಮುಟ್ಟಿತು. ಮಾಸ್ತರ, ನಿಮ್ಮದು ತಗೀರಿ. ಮೌಲಾಲಿ, ನಿಂದೂ ತಗಿ."

ಎರಡೂ ಡಿಸ್ಕು ಓಡಿದವು. ಪರದೆಯ ಮೇಲೆ ಗುರುತು ಬಂತು.

"ಗೋಡಿಗೆ ತಾಳೆ ಐತೋ ಇಲ್ಲೋ ನಾನೇ ಓದ್ತೀನಿ," ಹುಲಿಗೆಪ್ಪ ಮುಂದೆ ಬಂದ.

"ಓದಪ್ಪ," ಮೌಲಾಲಿ ಹೇಳಿದ. "ನಿನ್ನ ಹಿಂದ ನಾನೂ ಓದ್ತೀನಿ. ಡಿಸ್ಕು ಹೂಳಿಟ್ಟವನ್ನ ನಾ ಹ್ಯಾಂಗ ನಂಬಲಿ?"

ಓದಿದರು. ಮೊದಲು ಮಾಸ್ತರದು, ಆಮೇಲೆ ಮೌಲಾಲಿಯದು. ಕುಂಕುಮದ ಅಡಿಯಲ್ಲಿ ಕಂಡಷ್ಟೂ ತಾಳೆಯಾಯಿತು.

ಮಾಸ್ತರು ವಿಡಿಯೋ ಹಚ್ಚಿದರು.

ಗುಡಿ. ಬಿಸಿಲು. ನೆಲದ ಮೇಲೆ ಕೂತ ಜನ. ಯಾರೋ ಮೈಕಿನಲ್ಲಿ ಹೇಳಿದರು. ಕೈಗಳು ಏಳತೊಡಗಿದವು. ಮೂರನೇ ಸಾಲಿನಲ್ಲಿ ಬಣ್ಣದ ಕಲೆಯ ಅಂಗಿ ತೊಟ್ಟು ಯಮನೂರಪ್ಪ ಕೂತಿದ್ದ. ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಕೈ ಎತ್ತಿದ.

ಏಳದ ಕೈ ಒಂದೇ ಇತ್ತು. ಕಂಬದ ಪಕ್ಕ, ಕಪ್ಪು ಕೂದಲಿನ ಗುಡಿಹಾಳ ಮಾಸ್ತರು. ಕೈ ತೊಡೆಯ ಮೇಲಿತ್ತು.

ಹುಲಿಗೆಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದ.

"ನೀವು ಎತ್ತಲಿಲ್ಲ," ಹುಲಿಗೆಪ್ಪ ಮಾಸ್ತರಿಗೆ ಹೇಳಿದ. "ಎತ್ತಿದ್ರು ಅಂತ ಕಲಿಸಿದ್ರಿ."

"ಹನ್ನೊಂದು ವರ್ಷ ಆ ಸಾಲು ಓದಿ ಹೇಳೀನಿ," ಅಂದರು ಮಾಸ್ತರು. "ನೌಕರಿ ಇತ್ತು. ಎದ್ದು ನಿಂತವ ನೀನೊಬ್ಬನ."

ಹುಲಿಗೆಪ್ಪ ತಟಕ್ಕನೆ ಎದ್ದ. "ತಿದ್ದೀರಿ! ಮೂರೂ ಮಂದಿ ಕೂಡಿ ತಿದ್ದೀರಿ. ಗೋಡಿ ಮ್ಯಾಲಿಂದೂ ನೀವ ಬರಕೊಂಡೀರಿ. ತಾಳೆ ಆಗದ ಏನು ಮಾಡತೈತಿ!"

ಅಜ್ಜ ಸಿಟ್ಟಾಗಲಿಲ್ಲ. ಒಂದು ಅರಿವೆಯನ್ನು ನೀರಿಗೆ ಅದ್ದಿ ಹಿಂಡಿ ಅವನ ಕೈಗೆ ಕೊಟ್ಟ.

"ಯಾರು ಬರದಾರ, ನೋಡು."

ಹುಲಿಗೆಪ್ಪ ಗೋಡೆ ಒರೆಸಿದ. ವರ್ಷಗಳ ಕುಂಕುಮ, ದೀಪದ ಮಸಿ, ಅರಿವೆಗೆ ಬಂತು. ಎರಡನೇ ಸಾಲಿನಲ್ಲಿ ಒಂಬತ್ತರ ಅಂಕಿಯೊಂದು ಪೂರ್ತಿ ಕಂಡಿತು. ಅದರ ಬಾಲ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ಮಡಚಿತ್ತು. ಮೂರನೇ ಸಾಲಿನಲ್ಲೂ ಹಾಗೇ.

ಆ ಸೀಮೆಯ ಟ್ರ್ಯಾಕ್ಟರುಗಳ ನಂಬರಿನಲ್ಲೆಲ್ಲ ಆ ಒಂಬತ್ತು ಇತ್ತು. ಅದನ್ನು ಬರೆಯುವಾಗ ಬಣ್ಣದ ಡಬ್ಬಿ ಹಿಡಿದು ನಿಲ್ಲುತ್ತಿದ್ದವನು ಹುಲಿಗೆಪ್ಪನೇ.

"ನಮ್ಮಪ್ಪ," ಅಂದ. ಅರಿವೆ ಕೈಯಲ್ಲೇ ಉಳಿಯಿತು.

"ನಾ ಈ ಗೋಡಿ ಕಟ್ಟಿದ ವರ್ಷ ಬಂದಿದ್ದ," ಅಜ್ಜ ಹೇಳಿದ. "ವಿಡಿಯೋದಾಗ ನಾ ಕೈ ಎತ್ತಿದ್ದು ಅಳಿಸು ಅಂದ. ನಾನು, ಇವತ್ತು ನಿನ್ನ ಕೈ ಇಳಿಸಿಕೊಟ್ಟರ ನಾಳೆ ಸಾಹೇಬರು ಬಂದು ಮಾಸ್ತರ ಕೈ ಎತ್ತಿಸು ಅಂತಾರ, ಆಗೇನು ಮಾಡ್ಲಿ ಅಂದೆ. ಸಂಜಿತನಕ ಇಲ್ಲೇ ಕುಂತ. ಆಮೇಲೆ ತಾನೇ ಬ್ರಶ್ ತಗೊಂಡು ಗುರುತು ಬರದ."

"ಮತ್ತ ನನಗ್ಯಾಕ ಸುಳ್ಳು ಹೇಳಿದ?"

"ನಿನಗ ಹೇಳಿದ. ಗೋಡಿಗೆ ಹೇಳಲಿಲ್ಲ."

ಒರೆಸಿದ ಕಡೆ ಕುಂಕುಮದ ಜೊತೆ ಬಣ್ಣವೂ ಅಲ್ಲಲ್ಲಿ ಎದ್ದು ಬಂದಿತ್ತು. ಅಜ್ಜ ಮೂಲೆಯಿಂದ ಕೆಂಪು ಬಣ್ಣದ ಡಬ್ಬಿ ತಂದು, ಬ್ರಶ್ಶನ್ನು ಹುಲಿಗೆಪ್ಪನ ಕಡೆ ಚಾಚಿದ.

"ಮಾಸಿ ಹೋಗೂದ್ರಾಗ ತಿರುಗಿ ಬರಿ."

"ನಾ ಬರೀಲ್ಯಾ? ಒಂದು ಅಂಕಿ ಬೇಕಂತ ತಪ್ಪಿಸಿದ್ರ ಇವರ ಹತ್ರ ಇದ್ದದ್ದೆಲ್ಲ ಸುಳ್ಳಾಗತೈತಿ. ನಮ್ಮಪ್ಪ ಕೈ ಎತ್ತಿದ್ದೂ ಸುಳ್ಳಾಗತೈತಿ."

"ಹೌದು. ಅದಕ್ಕ ನೀ ಬರಿಯೂವಾಗ ಮಾಸ್ತರು ನಿನ್ನ ಕೈ ನೋಡ್ತಾರ. ಮೌಲಾಲಿ ಮಾಸ್ತರನ್ನ ನೋಡ್ತಾನ."

ಮಾಸ್ತರು ಕನ್ನಡಕ ಏರಿಸಿಕೊಂಡು ಅವನ ಬಲಕ್ಕೆ ಬಂದು ನಿಂತರು. ಮೌಲಾಲಿ ಮಾಸ್ತರ ಹಿಂದೆ ನಿಂತ.

ಹುಲಿಗೆಪ್ಪ ಬ್ರಶ್ಶನ್ನು ಬಣ್ಣಕ್ಕೆ ಅದ್ದಿದ. ಮೊದಲನೇ ಅಂಕಿಯ ಮೇಲಿಟ್ಟು, ಎಳೆಯದೆ, ಹಾಗೇ ನಿಂತ.

"ನಾ ಯಾರನ್ನ ನೋಡ್ಲಿ?"

"ನನ್ನ."

"ನಿಮ್ಮನ್ನ ಯಾಕ್ರಿ ಅಜ್ಜಾರ?"

"ನಾನೂ ಅದೇ ಊರಿನವ. ಕ್ಯಾಮೆರಾ ಹಿಡಿದು ನಿಂತಿದ್ದೆ. ಆವತ್ತು ನನ್ನ ಕೈ ಎದ್ದಿತ್ತೋ ಇಲ್ಲೋ, ಆ ವಿಡಿಯೋದಾಗ ಇಲ್ಲ."