ಮಂಡಿಯೂರಿದ ಕಲ್ಲಾನೆ

"ಬುದ್ಧಿ, ದಾಸೋಹದ ಮನೆಯ ಬಾಗಿಲ ಕಲ್ಲಿನಲ್ಲಿ ನನ್ನ ಹೆಸರು ಕೆತ್ತಿಸಬೇಕೆಂದು ಮನಸ್ಸು ಹಟ ಹಿಡಿದಿದೆ. ಸೇವೆ ಮಾಡಿದವನು ಹೀಗೆ ಆಸೆಪಡುವುದು ತಪ್ಪೇ?"

ಹೀಗೆ ಕೇಳಿದವನು ಶಿಷ್ಯ ಮರುಳಸಿದ್ಧ. ಆ ಮನೆಯನ್ನು ಮುಂದೆ ನಿಂತು ಕಟ್ಟಿಸಿದವನು ಅವನೇ. ಅಂದು ಬೆಳಗ್ಗೆ ಪೇಟೆಗೆ ಹೋಗಿ, ಚೌಕದ ಕಾರಂಜಿಯಲ್ಲಿ ನೀರು ಕುಡಿದು, ಆಗಷ್ಟೇ ಮಠಕ್ಕೆ ಮರಳಿದ್ದ.

ಗುರುಗಳು ತಪ್ಪೆನ್ನಲಿಲ್ಲ, ಸರಿಯೆನ್ನಲೂ ಇಲ್ಲ. ಚೌಕದ ಕಾರಂಜಿ ಮೊದಲು ಹೀಗಿರಲಿಲ್ಲ, ಕೇಳು ಎಂದು ಕತೆ ಹೇಳಿದರು.

ಹಿಂದೆ ಒಬ್ಬ ಶಿಲ್ಪಿ ಇದ್ದ. ಅವನು ಯೌವನದಲ್ಲಿ ಆ ಚೌಕದ ನಡುವೆ ಬಳಪದ ಕಲ್ಲಿನ ಆನೆಯೊಂದನ್ನು ನಿಲ್ಲಿಸಿದ. ಒಂದು ಮುಂಗಾಲು ಮಡಿಸಿ ನಿಂತ ಆ ಆನೆಯ ಎತ್ತಿದ ಸೊಂಡಿಲಿನಿಂದ ನೀರು ಆಕಾಶಕ್ಕೆ ಚಿಮ್ಮುತ್ತಿತ್ತು. ದೂರದೂರಿನವರು ಬಂದು ಕತ್ತೆತ್ತಿ ನೋಡಿ ಬೆರಗಾಗುತ್ತಿದ್ದರು. ಆನೆಯ ಹಣೆಯ ಮೇಲೆ, ಯಾರ ಕೈಯೂ ಎಟುಕದ ಎತ್ತರದಲ್ಲಿ, ಅವನು ತನ್ನ ಹೆಸರು ಕೆತ್ತಿದ್ದ.

ಬಹಳ ಕಾಲದ ಮೇಲೆ ಊರಿನ ಹಿರಿಯರು ಅವನನ್ನು ಮತ್ತೆ ಕರೆಸಿದರು. ಕಾರಂಜಿಯನ್ನು ಹೊಸದಾಗಿ ಮಾಡಿಕೊಡು, ಈ ಸಲ ಆನೆ ಇನ್ನೂ ಎತ್ತರವಿರಲಿ, ನೆರೆಯ ಪಟ್ಟಣದವರಿಗೂ ಕಾಣಲಿ ಎಂದರು. ಶಿಲ್ಪಿಗೂ ಅದೇ ಬೇಕಿತ್ತು. ಅವನಿಗೆ ವಯಸ್ಸಾಗಿತ್ತು, ಮಕ್ಕಳಿರಲಿಲ್ಲ. ತಾನು ಹೋದ ಮೇಲೆ ತನ್ನ ಹೆಸರು ಹೇಳಲು ಕಲ್ಲೊಂದೇ ಉಳಿಯುವುದು ಎಂದುಕೊಂಡಿದ್ದ.

ಅಳತೆಗೆಂದು ಹೋಗಿ ನೋಡುತ್ತಾನೆ, ಹಣೆಯ ಮೇಲಿನ ಹೆಸರು ನಿನ್ನೆ ಕೆತ್ತಿದಂತಿದೆ. ಆದರೆ ಮಡಿಸಿದ ಮುಂಗಾಲಿನ ಮಂಡಿ ಸವೆದು ನುಣುಪಾಗಿದೆ. ಚರ್ಮದ ಒಂದೊಂದು ಸುಕ್ಕನ್ನೂ ಅವನು ಅಲ್ಲಿ ಬಿಡಿಸಿದ್ದ. ಒಂದೂ ಉಳಿದಿಲ್ಲ. ಅಷ್ಟರಲ್ಲಿ ಒಬ್ಬ ಮುದುಕಿ ಬಂದು, ಅದೇ ಮಂಡಿಯ ಮೇಲೆ ಕಾಲಿಟ್ಟು ಹತ್ತಿ, ಆನೆಯ ಕಿವಿಯಂಚಿನಿಂದ ಇಳಿಯುವ ನೀರಿಗೆ ಕೊಡ ಹಿಡಿದಳು.

ಶಿಲ್ಪಿ ಗದರಿಸಿದ. ಇಂಥ ಕೆಲಸವನ್ನು ತುಳಿದು ಹಾಳುಮಾಡಲು ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದ.

ಮುದುಕಿ ಕೊಡ ತುಂಬಿಸಿಕೊಂಡಳು. ಇಳಿದ ಮೇಲೆ ಹೇಳಿದಳು: "ಆನೆ ಚೆಂದಾಗೈತಪ್ಪ, ಇಲ್ಲ ಅನ್ನಾಕಿಲ್ಲ. ದಿನಾ ಕೈ ಮುಗಿದೇ ಮ್ಯಾಲೆ ಹತ್ತೀನಿ. ಆದ್ರೆ ನೀರನ್ನೆಲ್ಲ ಆಕಾಶಕ್ಕೆ ಕೊಡ್ತೈತಲ್ಲ, ಆಕಾಶಕ್ಕೆ ಬಾಯಾರಿತ್ತು ಅಂತ ನಿಂಗ್ಯಾರು ಹೇಳಿದ್ರು?"

ಶಿಲ್ಪಿ ಅಂದು ಅಳತೆ ತೆಗೆಯಲಿಲ್ಲ. ಎಷ್ಟೋ ದಿನ ಸುಮ್ಮನೆ ಚೌಕದಲ್ಲಿ ಕೂತು ಜನರನ್ನು ನೋಡಿದ. ಆಮೇಲೆ ತನ್ನ ಆನೆಯನ್ನು ತಾನೇ ಇಳಿಸಿ, ಹೊಸ ಕಲ್ಲಿಗೆ ಉಳಿ ಹಚ್ಚಿದ.

ಹೊಸ ಆನೆ ಮಂಡಿಯೂರಿ ಕೂತಿತ್ತು. ಸೊಂಡಿಲನ್ನು ತೊಟ್ಟಿಯ ಅಂಚಿಗೆ ಒರಗಿಸಿ, ಚಾಚಿದ ಅಂಗೈಗೆ ನೀರು ಬಿಡುತ್ತಿತ್ತು. ಕಲ್ಲಿನಲ್ಲಿ ಅಷ್ಟು ಕರುಣೆ ಮೂಡುವುದು, ಶಿವನೇ ಕೈಹಿಡಿದು ನಡೆಸದೆ ಆಗುವ ಕೆಲಸವಲ್ಲ. ಎತ್ತರ ಬೇಕೆಂದಿದ್ದ ಹಿರಿಯರು ಬಂದು ನೋಡಿದರು. ರುಮಾಲು ತೆಗೆದಿಟ್ಟು, ಒಬ್ಬೊಬ್ಬರಾಗಿ ಬಗ್ಗಿ ನೀರು ಕುಡಿದರು.

ಕುಡಿದು ಎದ್ದಾಗ ಅವರಿಗೆ ಹೆಸರು ಕಂಡಿತು. ಕುಡಿಯುವವರು ಒಂದು ಕೈಯೂರಿ ಬಗ್ಗುವ ಅಂಚಿನಲ್ಲೇ ಶಿಲ್ಪಿ ಅದನ್ನು ಕೆತ್ತಿದ್ದ. ಹಿರಿಯರು ಮರುಗಿದರು. ಇಲ್ಲಿ ಅಳಿಸಿಹೋಗುತ್ತದೆ, ಮೊದಲಿನಂತೆ ಹಣೆಯ ಮೇಲಿರಲಿ ಎಂದರು.

"ಕಲ್ಲಿನ ಅಕ್ಷರ ಅಳಿಯಬೇಕಾದರೆ ಎಷ್ಟು ಕೈ ತಾಗಬೇಕು, ಬಲ್ಲಿರಾ?" ಎಂದ ಶಿಲ್ಪಿ. "ಅಷ್ಟು ಜನರ ದಾಹ ತೀರಲಿ."

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಕಣ್ಣು ತುಂಬಿತ್ತು. ಅಂಥ ಪುಣ್ಯಾತ್ಮನ ಹೆಸರೇನು ಬುದ್ಧಿ ಎಂದು ಕೇಳಿದ.

"ಬೆಳಗ್ಗೆ ನೀನು ಅದೇ ಅಂಚಿಗೆ ಕೈಯೂರಿ ಕುಡಿದೆಯಲ್ಲ, ಅಂಗೈಗೆ ಯಾವ ಅಕ್ಷರ ತಗುಲಿತು?"